ನಡುಗುವ ಕೈಗೆ ಮದ್ದು ದೊರೆತ ಕಥೆ

ನೀವು ಇಂಥವರನ್ನು ಕಂಡೇ ಇರುತ್ತೀರಿ. ಸಂಜೆಯ ಹೊತ್ತಿನಲ್ಲಿ ಮೈಯನ್ನು ಮುಂದಕ್ಕೆ ಬಾಗಿಸಿ, ಪುಟ್ಟ ಪುಟ್ಟ ಹೆಜ್ಜೆಯಿಡುತ್ತ, ಪಾದದಿಂದ ನೆಲವನ್ನು ಸವರುತ್ತ ಬೀದಿಯಂಚಿನಲ್ಲಿ ನಡೆಯುವ ಹಿರಿಯರು. ಕಾಫಿಯ ಲೋಟ ತುಟಿಗೆ ಸೇರುವಷ್ಟರಲ್ಲಿ ಅರ್ಧ ತುಳುಕಿಸಿಬಿಡುವ ಕೈ. ತೊಡೆಯ ಮೇಲೆ ಸುಮ್ಮನೆ ಇಟ್ಟಾಗಲೂ ಏನನ್ನೋ ಉರುಳಿಸುತ್ತಿರುವಂತೆ ಆಡುತ್ತಲೇ ಇರುವ ಬೆರಳು. “ವಯಸ್ಸಾಯಿತಲ್ಲ” ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ಇನ್ನೊಂದು ಬಗೆಯವರನ್ನೂ ನೀವು ಕಂಡಿರಬಹುದು. ಕುಳಿತಲ್ಲಿಯೇ ತೂಗುವ ಮೈ, ಬಿಡುವಿಲ್ಲದೆ ತಿರುಚುವ ಕತ್ತು, ತಾಳವಿಲ್ಲದ ಕುಣಿತದಂತೆ ಅತ್ತಿತ್ತ ಎಸೆಯುವ ಕೈಕಾಲು. ಇವರನ್ನು ಕಂಡ ದಾರಿಹೋಕರು ಕುಡಿದಿರಬೇಕೆಂದೋ ಬುದ್ಧಿ ಕೆಟ್ಟಿರಬೇಕೆಂದೋ ತಿಳಿದು ದೂರ ಸರಿಯುತ್ತಾರೆ.

ಮೊದಲಿನವರಲ್ಲಿ ಚಲನೆ ಬತ್ತುತ್ತಿದೆ. ಎರಡನೆಯವರಲ್ಲಿ ಅದು ಉಕ್ಕಿ ಹರಿಯುತ್ತಿದೆ. ಮೊದಲನೆಯದನ್ನು ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎನ್ನುತ್ತಾರೆ. ಎರಡನೆಯದಕ್ಕೆ ಡಿಸ್ಕೈನೀಸಿಯಾ ಎಂಬುದು ಗ್ರೀಕ್ ಮೂಲದಿಂದ ಬಂದ ಹೆಸರು. ಕೆಟ್ಟ ಚಲನೆ ಎಂದು ಅದರ ಅರ್ಥ. ವಿಚಿತ್ರವೆಂದರೆ ಈ ಇಬ್ಬರೂ ಒಬ್ಬರೇ ಆಗಿರಬಹುದು. ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಹೊರಳಲಾರದೆ ಇದ್ದವರು, ಮಾತ್ರೆ ನುಂಗಿದ ಒಂದೆರಡು ಗಂಟೆಯ ಮೇಲೆ ಎದ್ದು ನಡೆದಾಡಿ, ಹಾಗೆಯೇ ಹತೋಟಿ ತಪ್ಪಿ ತೂಗಾಡುವುದುಂಟು. ಬತ್ತಿದ ಚಲನೆಯನ್ನು ಮರಳಿ ತಂದ ಮದ್ದೇ ಬೇಡದ ಚಲನೆಯನ್ನೂ ತಂದಿತು. ಆದುದರಿಂದಲೇ ಎಷ್ಟೋ ಮನೆಗಳಲ್ಲಿ “ಆ ಮಾತ್ರೆ ಈಗಲೇ ಬೇಡ, ಆದಷ್ಟು ದಿನ ತಳ್ಳೋಣ” ಎಂಬ ಭಯ ಬೇರೂರಿದೆ. ಈ ಭಯ ಎಷ್ಟರಮಟ್ಟಿಗೆ ಸರಿ? ಇದಕ್ಕೆ ಉತ್ತರ ಬೇಕಾದರೆ ಆ ಮದ್ದು ದೊರೆತ ಬಗೆಯನ್ನು ಮೊದಲಿನಿಂದ ನೋಡಬೇಕು. ಆ ಕಥೆಯಲ್ಲಿ ನಮ್ಮ ನಾಡಿನ ಒಂದು ಬೇರಿಗೂ ಒಂದು ಬಳ್ಳಿಗೂ ಪಾಲುಂಟು.

ನಡುಕದ ಕಾಯಿಲೆ ಹೊಸದಲ್ಲ. ನಮ್ಮ ಆಯುರ್ವೇದ ಗ್ರಂಥಗಳು ವಾತದ ವಿಕಾರಗಳನ್ನು ಎಣಿಸುವಾಗ ವೇಪಥುವೆಂದು ಕೈಕಾಲು ತಲೆಗಳ ಕಂಪನವನ್ನು ಹೆಸರಿಸಿವೆ. ಕಂಪವಾತವೆಂಬ ಮಾತು ಇಂದಿಗೂ ವೈದ್ಯರ ಬಾಯಲ್ಲಿದೆ. ಆದರೆ ನಡುಕಗಳಲ್ಲಿ ಬಗೆಬಗೆ ಉಂಟು. ಅವುಗಳ ನಡುವಿನಿಂದ ಒಂದನ್ನು ಬೇರೆಯಾಗಿ ತೆಗೆದು, ಇದರ ಗುಣಲಕ್ಷಣ ಇಂಥದು, ಇದು ಬೆಳೆಯುವ ಬಗೆ ಇಂಥದು ಎಂದು ಗುರುತಿಸಿಕೊಟ್ಟವರು ಜೇಮ್ಸ್ ಪಾರ್ಕಿನ್ಸನ್.

ಪಾರ್ಕಿನ್ಸನ್ ೧೭೫೫ರಲ್ಲಿ ಲಂಡನ್ನಿನ ಅಂಚಿನ ಹಾಕ್ಸ್‌ಟನ್ನಿನಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯವೃತ್ತಿ ನಡೆಸಿ, ೧೮೨೪ರಲ್ಲಿ ತೀರಿಕೊಂಡರು. ದೊಡ್ಡ ಆಸ್ಪತ್ರೆಯ ಪ್ರಾಧ್ಯಾಪಕರಲ್ಲ, ಬಡಾವಣೆಯ ಸಾಮಾನ್ಯ ವೈದ್ಯರು. ಆದರೆ ಅವರ ಆಸಕ್ತಿ ಸಾಮಾನ್ಯವಲ್ಲ. ಬಡವರ ಪರವಾಗಿ, ರಾಜಕೀಯ ಸುಧಾರಣೆಯ ಪರವಾಗಿ ಗುಪ್ತನಾಮದಲ್ಲಿ ಕಿರುಹೊತ್ತಗೆಗಳನ್ನು ಬರೆದರು. ರಾಜನ ಕೊಲೆಗೆ ಸಂಚು ನಡೆಯಿತೆಂಬ ಆಪಾದನೆ ಕೆಲವರ ಮೇಲೆ ಬಂದಾಗ, ೧೭೯೪ರಲ್ಲಿ ಪ್ರೀವಿ ಕೌನ್ಸಿಲಿನ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಿದರು. ಕಲ್ಲಿನಲ್ಲಿ ಹುದುಗಿದ ಪುರಾತನ ಜೀವಿಗಳ ಗುರುತುಗಳನ್ನು ಕೂಡಿಹಾಕಿ ಮೂರು ಸಂಪುಟಗಳನ್ನು ಹೊರತಂದರು. ೧೮೦೭ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ನೋಡುವುದು, ಹೋಲಿಸುವುದು, ವಿಂಗಡಿಸುವುದು ಅವರ ಅಭ್ಯಾಸವೇ ಆಗಿತ್ತು.

೧೮೧೭ರಲ್ಲಿ ಅವರು ‘ನಡುಗುವ ಪಾರ್ಶ್ವವಾಯು’ವನ್ನು ಕುರಿತು ಅರುವತ್ತಾರು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಬರುವ ರೋಗಿಗಳು ಆರೇ ಜನ. ಅವರಲ್ಲೂ ಇಬ್ಬರು ಬೀದಿಯಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದವರು. ಒಬ್ಬರನ್ನು ದೂರದಿಂದ ನೋಡಿದ್ದಷ್ಟೆ. ಕೈ ಕೆಲಸ ಮಾಡದೆ ಇರುವಾಗಲೇ ನಡುಗುವುದು, ಮೈ ಮುಂದಕ್ಕೆ ಬಾಗುವುದು, ನಡೆಯಹೋದರೆ ತಡೆಯಲಾಗದೆ ಓಡುವಂತಾಗುವುದು, ಒಂದು ಕಡೆಯಿಂದ ಆರಂಭವಾಗಿ ವರ್ಷಗಳ ಮೇಲೆ ಇನ್ನೊಂದು ಕಡೆಗೆ ಹರಡುವುದು, ಈ ಎಲ್ಲವನ್ನೂ ಅವರು ಬರೆದಿಟ್ಟರು. ಕಾರಣದ ಬಗ್ಗೆ ತಮ್ಮದು ಬರಿಯ ಊಹೆ, ಮುಂದಿನವರು ಇದನ್ನು ಸೋಸಿ ನೋಡಲಿ ಎಂದು ಕೇಳಿಕೊಂಡರು. ಎದುರಿಗೆ ಹಾದುಹೋಗುವ ಮುದುಕನನ್ನು ನಾವೂ ನೀವೂ ನೋಡಿಯೂ ನೋಡದಂತಿರುತ್ತೇವೆ. ಅಂಥವನನ್ನು ನಿಂತು ನೋಡಿದುದೇ ಪಾರ್ಕಿನ್ಸನ್ನರ ಹಿರಿಮೆ. ಅವರ ಮುಖ ಹೇಗಿತ್ತೆಂದು ತಿಳಿಸುವ ಚಿತ್ರವೊಂದೂ ಇಂದು ಉಳಿದಿಲ್ಲ. ಅವರ ಹೆಸರು ಮಾತ್ರ ಲೋಕವೆಲ್ಲ ಹರಡಿದೆ.

ಆ ಹೆಸರನ್ನು ಕಾಯಿಲೆಗೆ ಇಟ್ಟವರು ಪ್ಯಾರಿಸ್ಸಿನ ಷಾರ್ಕೋ. ಹಿಂದೊಮ್ಮೆ ಮದ್ದಿನ ಮನೆಯಾಗಿದ್ದ ಸಾಲ್ಪೆಟ್ರಿಯೇರ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಸಾವಿರಾರು ಬಡ ಹೆಂಗಸರು ವರ್ಷಗಟ್ಟಲೆ ಆಶ್ರಯ ಪಡೆದಿದ್ದರು. ಅವರ ನಡುವೆ ಕೆಲಸಮಾಡಿದ ಷಾರ್ಕೋ, ನಡುಕವೇ ಇಲ್ಲದವರಿಗೂ ಈ ಕಾಯಿಲೆ ಇರಬಹುದೆಂದು ತೋರಿಸಿದರು. ಮೈ ಬಿಗಿಯುವುದು, ಕೆಲಸಕ್ಕೆ ತೊಡಗಲು ತಡವಾಗುವುದು, ಮುಖದಲ್ಲಿ ಭಾವವೇ ಕಾಣದಿರುವುದು, ಇವೂ ಅದರ ಗುರುತುಗಳೇ. ಹೀಗಿರಲು ‘ನಡುಗುವ ಪಾರ್ಶ್ವವಾಯು’ ಎಂಬ ಹೆಸರು ಸರಿಯಲ್ಲ, ಪಾರ್ಕಿನ್ಸನ್ ಕಾಯಿಲೆ ಎನ್ನೋಣ ಎಂದರು. ಕುದುರೆಗಾಡಿಯಲ್ಲೋ ರೈಲಿನಲ್ಲೋ ಪ್ರಯಾಣ ಮಾಡಿ ಬಂದ ರೋಗಿಗಳು “ಮೈ ಹಗುರವಾಯಿತು” ಎಂದುದನ್ನು ಕೇಳಿ, ಗಡಗಡನೆ ಅಲುಗುವ ಕುರ್ಚಿಯನ್ನೂ ಅವರು ಮಾಡಿಸಿದರು. ನಮ್ಮ ಉಮ್ಮತ್ತಿಯ ಬಳಗಕ್ಕೆ ಸೇರಿದ ಗಿಡಗಳ ಸತ್ತ್ವವನ್ನು ಮದ್ದಾಗಿ ಕೊಟ್ಟರು. ಅದರಿಂದ ನಡುಕ ಕೊಂಚ ತಗ್ಗುತ್ತಿತ್ತು. ಕಾಯಿಲೆಯ ಬೇರು ಎಲ್ಲಿದೆ ಎಂಬುದು ಮಾತ್ರ ತಿಳಿಯಲಿಲ್ಲ.

ಬೇರು ಇರುವ ಜಾಗ ಗೊತ್ತಾದುದು ೧೯೧೯ರಲ್ಲಿ. ಮಿದುಳಿನ ನಡುಗಂಬದಲ್ಲಿ ಎಡಬಲಕ್ಕೆ ಒಂದೊಂದು ಕಪ್ಪನೆಯ ಪಟ್ಟಿ ಇದೆ. ಪ್ಯಾರಿಸ್ಸಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಟ್ರೆಟಿಯಾಕಾಫ್ ಎಂಬ ರಷ್ಯದ ತರುಣ, ಈ ಕಾಯಿಲೆಯಿಂದ ಸತ್ತವರ ಮಿದುಳುಗಳಲ್ಲಿ ಆ ಕಪ್ಪು ಮಾಸಿಹೋಗಿರುವುದನ್ನು, ಅಲ್ಲಿಯ ಜೀವಕೋಶಗಳು ನಶಿಸಿರುವುದನ್ನು ಕಂಡರು. ಆದರೆ ಆ ಕರಿಯ ಕೋಶಗಳು ಇದ್ದಾಗ ಮಾಡುತ್ತಿದ್ದ ಕೆಲಸವಾದರೂ ಏನು? ಅದಕ್ಕೆ ಇನ್ನೂ ನಲವತ್ತು ವರ್ಷ ಉತ್ತರ ಸಿಕ್ಕಲಿಲ್ಲ. ಸಿಕ್ಕಿದಾಗ ಅದು ಬಂದುದು ನಡುಕದ ಸಂಶೋಧನೆಯಿಂದಲ್ಲ, ರಕ್ತದೊತ್ತಡದ ಮದ್ದಿನಿಂದ.

ನಮ್ಮ ದೇಶದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರನ್ನು ಹಾವಿನ ವಿಷಕ್ಕೂ ನಿದ್ರೆ ಕೆಟ್ಟವರಿಗೂ ಹುಚ್ಚು ಹಿಡಿದವರಿಗೂ ಬಹುಕಾಲದಿಂದ ಕೊಡುತ್ತಿದ್ದರು. ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ೧೯೩೧ರಲ್ಲಿ ಇದು ರಕ್ತದೊತ್ತಡವನ್ನೂ ಮನಸ್ಸಿನ ಉದ್ರೇಕವನ್ನೂ ಇಳಿಸುತ್ತದೆಂದು ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದಾಗ ಹೊರದೇಶಗಳ ಕಣ್ಣು ಈ ಬೇರಿನ ಮೇಲೆ ಬಿತ್ತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದರ ಸತ್ತ್ವವನ್ನು ಬೇರ್ಪಡಿಸಿ ರಿಸರ್ಪಿನ್ ಎಂದು ಕರೆದರು. ಕೆಲವೇ ವರ್ಷಗಳಲ್ಲಿ ಅದು ಲಕ್ಷಾಂತರ ಜನರ ಮದ್ದಾಯಿತು. ಜೊತೆಗೆ ಒಂದು ದೂರೂ ಬಂತು: ಹೆಚ್ಚು ಪ್ರಮಾಣದಲ್ಲಿ ಪಡೆದವರ ಮೈ ಬಿಗಿಯುತ್ತದೆ, ಮುಖ ಮರಗಟ್ಟುತ್ತದೆ, ಕೈ ನಡುಗುತ್ತದೆ. ಮದ್ದು ನಿಲ್ಲಿಸಿದರೆ ಸರಿಹೋಗುತ್ತದೆ. ಪಾರ್ಕಿನ್ಸನ್ನರು ಬರೆದಿಟ್ಟಿದ್ದ ಲಕ್ಷಣಗಳು ಒಂದು ಬೇರಿನ ಸತ್ತ್ವದಿಂದ ಬಂದು ಹೋಗುತ್ತಿದ್ದುವು!

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿದ್ದ ಆರ್ವಿಡ್ ಕಾರ್ಲ್‌ಸನ್ ಈ ಸುಳಿವನ್ನು ಬಿಡಲಿಲ್ಲ. ೧೯೫೭ರಲ್ಲಿ ಅವರೂ ಅವರ ಸಂಗಡಿಗರೂ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲಿಸಿ, ಕದಲದೆ ಬಿದ್ದುಕೊಂಡವು. ಆಮೇಲೆ ಡೋಪಾ ಎಂಬ ವಸ್ತುವನ್ನು ಸೂಜಿಯ ಮೂಲಕ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿಯೇ ಅವೇ ಮೊಲಗಳು ಕಿವಿ ನಿಮಿರಿಸಿ ಓಡಾಡತೊಡಗಿದುವು. ದೇಹದಲ್ಲಿ ಡೋಪಾ ಡೋಪಮೀನ್ ಆಗಿ ಮಾರ್ಪಡುತ್ತದೆ. ಡೋಪಮೀನ್ ಬರಿಯ ನಡುಹಂತದ ವಸ್ತು, ಅದಕ್ಕೆ ತನ್ನದೆಂಬ ಕೆಲಸವಿಲ್ಲ ಎಂದು ಅಲ್ಲಿಯವರೆಗೆ ವಿದ್ವಾಂಸರು ನಂಬಿದ್ದರು. ಹಾಗಲ್ಲ, ಮಿದುಳಿನಲ್ಲಿ ಚಲನೆಯ ಆಜ್ಞೆಯನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಒಯ್ಯುವ ದೂತ ಅದು ಎಂದರು ಕಾರ್ಲ್‌ಸನ್. ೧೯೬೦ರಲ್ಲಿ ಲಂಡನ್ನಿನಲ್ಲಿ ಸೇರಿದ ವಿದ್ವತ್ಸಭೆಯಲ್ಲಿ ಹಿರಿಯರು ಇದನ್ನು ಒಪ್ಪಲಿಲ್ಲ. ಕಾರ್ಲ್‌ಸನ್ನರಿಗೆ ನೊಬೆಲ್ ಬಹುಮಾನ ಬಂದುದು ೨೦೦೦ದಲ್ಲಿ, ಇನ್ನಿಬ್ಬರೊಡನೆ.

ಹಿರಿಯರು ಒಪ್ಪದಿದ್ದರೂ ಕೆಲಸ ನಿಲ್ಲಲಿಲ್ಲ. ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಎಂಬ ತರುಣ ಸಂಶೋಧಕರು ತಮ್ಮ ಸಹಾಯಕ ಏರಿಂಗರ್ ಅವರೊಡನೆ, ತೀರಿಕೊಂಡವರ ಮಿದುಳಿನ ಭಾಗಗಳಲ್ಲಿ ಡೋಪಮೀನನ್ನು ಅಳೆಯಹೊರಟರು. ಡೋಪಮೀನ್ ಇದ್ದರೆ ದ್ರಾವಣಕ್ಕೆ ಗುಲಾಬಿ ಬಣ್ಣ ಬರುತ್ತದೆ. ಬೇರೆ ಕಾರಣಗಳಿಂದ ಸತ್ತವರ ಮಿದುಳಿನಲ್ಲಿ ಬಣ್ಣ ಬಂತು. ಪಾರ್ಕಿನ್ಸನ್ ಕಾಯಿಲೆಯವರದರಲ್ಲಿ ಹೆಚ್ಚುಕಡಿಮೆ ಬರಲೇ ಇಲ್ಲ. ಅಳತೆಯ ಯಂತ್ರಕ್ಕೆ ಒಡ್ಡುವ ಮುಂಚೆ ಬರಿಗಣ್ಣಿಗೇ ಆ ಕೊರತೆ ಕಾಣಿಸಿತು. ೧೯೬೦ರಲ್ಲಿ ಈ ವಿಷಯ ಪ್ರಕಟವಾಯಿತು. ಕರಿಯ ಕೋಶಗಳು ಏನು ಮಾಡುತ್ತಿದ್ದುವೆಂಬುದು ಕೊನೆಗೂ ತಿಳಿಯಿತು: ಡೋಪಮೀನನ್ನು ತಯಾರಿಸಿ, ಚಲನೆಯನ್ನು ಹದದಲ್ಲಿಡುವ ಮಿದುಳಿನ ಆಳದ ಗಂಟುಗಳಿಗೆ ಒದಗಿಸುವುದೇ ಅವುಗಳ ಕೆಲಸ.

ಕೊರತೆ ಯಾವುದೆಂದು ಗೊತ್ತಾದ ಮೇಲೆ ತುಂಬಿಕೊಡುವುದೊಂದೇ ಬಾಕಿ. ಡೋಪಮೀನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿನೊಳಕ್ಕೆ ಹೋಗದು, ಡೋಪಾ ಹೋಗುತ್ತದೆ. ಹಾರ್ನಿಕೀವಿಚ್ ತಮ್ಮ ಬಳಿಯಿದ್ದ ಎರಡು ಗ್ರಾಂ ಡೋಪಾವನ್ನು ವೃದ್ಧರ ಆಸ್ಪತ್ರೆಯಲ್ಲಿದ್ದ ಬಿರ್ಕ್‌ಮಾಯರ್ ಎಂಬ ವೈದ್ಯರಿಗೆ ಒಪ್ಪಿಸಿದರು. ೧೯೬೧ರ ಜುಲೈ ತಿಂಗಳಲ್ಲಿ ಅದನ್ನು ರೋಗಿಗಳ ರಕ್ತನಾಳಕ್ಕೆ ಕೊಟ್ಟಾಗ, ಹಾಸಿಗೆಯಲ್ಲಿ ಎದ್ದು ಕೂರಲಾರದವರು ಕುಳಿತರು. ಕುಳಿತಲ್ಲಿಂದ ಏಳಲಾರದವರು ಎದ್ದರು. ನಿಂತು ಹೆಜ್ಜೆ ಕೀಳಲಾರದವರು ನಡೆದರು. ಆದರೆ ಆ ಬಲ ಕೆಲವು ಗಂಟೆಗಳದು. ಮದ್ದಿನ ಗುಣ ಇಳಿದೊಡನೆ ಅವರು ಮತ್ತೆ ಮೊದಲಿನಂತಾದರು. ಅದೇ ವರ್ಷ ಕೆನಡದ ಮಾಂಟ್ರಿಯಲ್ ನಗರದಲ್ಲಿ ಬಾರ್ಬೋ ಎಂಬವರು ಡೋಪಾವನ್ನು ಬಾಯಿಯ ಮೂಲಕ ಕೊಟ್ಟು ಗುಣ ಕಂಡರು.

ಇಷ್ಟೊಂದು ಅದ್ಭುತವಾದ ವಸ್ತು ಎಲ್ಲಿತ್ತೆಂದು ನೀವು ಕೇಳಬಹುದು. ಅದು ಬೇಲಿಯಲ್ಲೇ ಇತ್ತು. ೧೯೧೩ರಲ್ಲಿಯೇ ಬಾಸೆಲ್ಲಿನ ಗುಗ್ಗೆನ್‌ಹೈಮ್ ಎಂಬವರು ಯೂರೋಪಿನವರು ಉಣ್ಣುವ ಒಂದು ಬಗೆಯ ದೊಡ್ಡ ಅವರೆಯಿಂದ ಇದನ್ನು ಬೇರ್ಪಡಿಸಿದ್ದರು; ಎರಡೂವರೆ ಗ್ರಾಂನಷ್ಟನ್ನು ತಾವೇ ನುಂಗಿ ವಾಂತಿಮಾಡಿಕೊಂಡು, ಇದರಿಂದ ಪ್ರಯೋಜನವಿಲ್ಲವೆಂದು ಬಿಟ್ಟಿದ್ದರು. ೧೯೩೭ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಜೀವರಸಾಯನ ಪ್ರಯೋಗಶಾಲೆಯಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ನಸುಗುನ್ನಿಯ ಬೀಜದಲ್ಲಿ ಅದೇ ಡೋಪಾ ಇರುವುದನ್ನು ತೋರಿಸಿದರು. ಕಾಯಿಯ ಮೇಲಿನ ನವಿರು ಮೈಗೆ ತಾಗಿದರೆ ತುರಿಕೆಯಿಂದ ಪ್ರಾಣ ಹೋಗುವಂತಾಗುವ, ಸಂಸ್ಕೃತದಲ್ಲಿ ಕಪಿಕಚ್ಛು ಎನ್ನಿಸಿಕೊಂಡ ನಸುಗುನ್ನಿಯೇ ಅದು. ಆಗ ಅದೊಂದು ರಸಾಯನಶಾಸ್ತ್ರದ ಸಂಗತಿಯಷ್ಟೆ. ನಡುಗುವ ಕೈಗೂ ಅದಕ್ಕೂ ನಂಟುಂಟೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಇದನ್ನು ಓದಿ ನಸುಗುನ್ನಿಯ ಬೀಜ ತಂದು ಅರೆಯಲು ಹೊರಡಬೇಡಿ. ಬೀಜದಿಂದ ಬೀಜಕ್ಕೆ ಡೋಪಾದ ಪ್ರಮಾಣ ಬೇರೆ. ಈ ಕಾಯಿಲೆಯಲ್ಲಿ ಪ್ರಮಾಣವೇ ಎಲ್ಲಕ್ಕೂ ಮುಖ್ಯ ಎಂಬುದು ಮುಂದಿನ ಮಾತಿನಿಂದ ತಿಳಿಯುತ್ತದೆ.

ಕೆಲವು ಗಂಟೆಗಳ ಚಮತ್ಕಾರವನ್ನು ದಿನನಿತ್ಯದ ಚಿಕಿತ್ಸೆಯನ್ನಾಗಿ ಮಾಡಿದವರು ಜಾರ್ಜ್ ಕಾಟ್ಜಿಯಾಸ್. ಗ್ರೀಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಇವರು ಚಿಲಿ ದೇಶದ ಮ್ಯಾಂಗನೀಸ್ ಗಣಿಗಳ ಕೂಲಿಗಾರರನ್ನು ಪರೀಕ್ಷಿಸಿದ್ದರು; ಆ ಲೋಹದ ದೂಳು ಕುಡಿದವರಲ್ಲಿಯೂ ಇಂಥದೇ ಬಿಗಿತ ಬರುತ್ತಿತ್ತು. ಅದುವರೆಗೆ ಡೋಪಾ ಕೊಟ್ಟವರಲ್ಲಿ ಎಷ್ಟೋ ಮಂದಿ ರೋಗಿಗಳ ವಾಂತಿಗೆ ಹೆದರಿ ಕೈಬಿಟ್ಟಿದ್ದರು. ಕಾಟ್ಜಿಯಾಸ್ ಅತಿ ಕಡಿಮೆ ಪ್ರಮಾಣದಿಂದ ಮೊದಲುಮಾಡಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋದರು. ದಿನಕ್ಕೆ ಹದಿನಾರು ಗ್ರಾಂವರೆಗೂ ಏರಿಸಿದುದುಂಟು. ೧೯೬೭ರಲ್ಲಿ ಪ್ರಕಟವಾದ ಅವರ ವರದಿಯಂತೆ ಹದಿನಾರು ರೋಗಿಗಳಲ್ಲಿ ಎಂಟು ಮಂದಿಗೆ ಎದ್ದುಕಾಣುವಷ್ಟು ಗುಣವಾಯಿತು. ಮದ್ದು ಮೊದಲೇ ಇತ್ತು. ಕೊಡುವ ಬಗೆಯನ್ನು ಕಂಡುಹಿಡಿದುದು ಕಾಟ್ಜಿಯಾಸ್ ಮಾಡಿದ ಉಪಕಾರ. ಬಲು ಬೇಗ ಲೆವೊಡೋಪಾ ಎಂಬ ಶುದ್ಧರೂಪ ಬಂತು. ೧೯೭೦ರಲ್ಲಿ ಅಮೆರಿಕದ ಸರ್ಕಾರ ಅದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ೧೯೬೯ರಲ್ಲಿ ಕಾಟ್ಜಿಯಾಸ್ ಬರೆದ ಎರಡನೆಯ ವರದಿಯಲ್ಲಿಯೇ ಒಂದು ಹೊಸ ಮಾತು ಇತ್ತು. ತಿಂಗಳುಗಳ ಕಾಲ ಮದ್ದು ಸೇವಿಸಿದ ಹಲವರಲ್ಲಿ ಬೇಡದ ಚಲನೆಗಳು ಮೂಡಿದ್ದುವು. ನಾಲಿಗೆ ಹೊರಳುವುದು, ತುಟಿ ಚಪ್ಪರಿಸುವುದು, ಕತ್ತು ತಿರುಚುವುದು, ಕೈಕಾಲು ಕುಣಿಯುವುದು. ಅದೇ ೧೯೬೯ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಆಲಿವರ್ ಸ್ಯಾಕ್ಸ್ ಎಂಬ ವೈದ್ಯರು, ಮೊದಲನೆಯ ಮಹಾಯುದ್ಧದ ಕಾಲದ ನಿದ್ರಾಜ್ವರಕ್ಕೆ ಸಿಕ್ಕಿ ದಶಕಗಳಿಂದ ಮರದ ಬೊಂಬೆಗಳಂತೆ ಕುಳಿತಿದ್ದವರಿಗೆ ಲೆವೊಡೋಪಾ ಕೊಟ್ಟರು. ಅವರು ಎಚ್ಚೆತ್ತರು, ಮಾತನಾಡಿದರು, ನಕ್ಕರು. ಎಷ್ಟೋ ಜನರಲ್ಲಿ ಕೆಲವೇ ವಾರಗಳಲ್ಲಿ ಆ ಎಚ್ಚರ ಹದ ಮೀರಿತು. ಅವರ ಮಿದುಳು ಬಹಳ ಹಿಂದೆಯೇ ತೀರ ಬರಿದಾಗಿತ್ತಾದ್ದರಿಂದ ಏರಿಳಿತವೂ ತೀವ್ರವಾಗಿತ್ತು. ಸ್ಯಾಕ್ಸ್ ೧೯೭೩ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸುಖದುಃಖ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ಮದ್ದು ಹೀಗೆ ಮಾಡುವುದೇಕೆ? ನಿಮ್ಮ ಮನೆಯ ನೀರಿನ ತೊಟ್ಟಿಯನ್ನು ನೆನೆಯಿರಿ. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ಗಂಟೆ. ತೊಟ್ಟಿ ದೊಡ್ಡದಾಗಿದ್ದರೆ ಆ ನೀರು ದಿನವಿಡೀ ಸಮನಾಗಿ ಸಾಗುತ್ತದೆ. ತೊಟ್ಟಿ ಒಡೆದು ಸಣ್ಣದಾಯಿತೆನ್ನಿ. ನಲ್ಲಿ ಬಂದಾಗ ಮನೆಯೆಲ್ಲ ನೀರು, ನಿಂತಾಗ ಬಾಯಾರಿಕೆ. ಮಿದುಳಿನ ಕರಿಯ ಕೋಶಗಳೇ ಆ ತೊಟ್ಟಿ. ಕಾಯಿಲೆಯ ಮೊದಲಿನ ವರ್ಷಗಳಲ್ಲಿ ಸಾಕಷ್ಟು ಕೋಶಗಳು ಉಳಿದಿರುತ್ತವೆ. ಅವು ಮಾತ್ರೆಯಿಂದ ಬಂದ ಡೋಪಾವನ್ನು ಡೋಪಮೀನಾಗಿಸಿ ಕೂಡಿಟ್ಟು, ಬೇಕಾದಂತೆ ಬಿಡುತ್ತವೆ. ವರ್ಷ ಕಳೆದಂತೆ ಕೋಶಗಳು ಇನ್ನಷ್ಟು ಸಾಯುತ್ತವೆ. ಆಗ ರಕ್ತದಲ್ಲಿ ಮದ್ದು ಏರಿದಾಗ ಮೈ ಕುಣಿಯುತ್ತದೆ. ಇಳಿದಾಗ ಮೈ ಕಟ್ಟುತ್ತದೆ. ಹೀಗೆ ಏರಿಳಿಯುವ ಪ್ರವಾಹಕ್ಕೆ ಮುಂದಿನ ಕೋಶಗಳೂ ಕ್ರಮೇಣ ಮಾರ್ಪಟ್ಟು, ಅತಿಯಾಗಿ ಮಿಡಿಯುವುದನ್ನು ಕಲಿಯುತ್ತವೆ. ಚಿಕಿತ್ಸೆ ತೊಡಗಿದ ನಾಲ್ಕರಿಂದ ಆರು ವರ್ಷಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಜನರಲ್ಲಿ ಈ ಬೇಡದ ಚಲನೆ ಕಾಣಿಸಿಕೊಳ್ಳುತ್ತದೆಂದು ಲೆಕ್ಕ ಹಾಕಿದ್ದಾರೆ. ಎಲ್ಲರಲ್ಲಿಯೂ ಅದು ತೊಂದರೆಯ ಮಟ್ಟಕ್ಕೆ ಹೋಗುವುದಿಲ್ಲ. ಎಷ್ಟೋ ಜನರಿಗೆ, ಕಲ್ಲಿನಂತೆ ಕೂರುವುದಕ್ಕಿಂತ ಸ್ವಲ್ಪ ತೂಗಾಡಿಕೊಂಡು ನಡೆಯುವುದೇ ಮೇಲೆನಿಸುತ್ತದೆ.

ಈ ಲೆಕ್ಕವನ್ನು ಕೇಳಿದೊಡನೆ ಮೊದಲು ಹೇಳಿದ ಭಯ ತಲೆಯೆತ್ತುತ್ತದೆ. ಮದ್ದು ತೊಡಗಿದ ನಾಲ್ಕಾರು ವರ್ಷಕ್ಕೆ ಹೀಗಾಗುವುದಾದರೆ, ತೊಡಗುವುದನ್ನೇ ನಾಲ್ಕಾರು ವರ್ಷ ಮುಂದೆ ಹಾಕಿದರೆ ಸರಿಯಲ್ಲವೇ? ಬಹುಕಾಲ ವೈದ್ಯರಲ್ಲಿಯೂ ಅನೇಕರು ಹೀಗೆಯೇ ಎಣಿಸಿದ್ದರು. ಇದನ್ನು ಒರೆಗೆ ಹಚ್ಚಿದ ಒಂದು ಅಧ್ಯಯನ ೨೦೧೪ರಲ್ಲಿ ಪ್ರಕಟವಾಯಿತು. ಆಫ್ರಿಕದ ಘಾನಾ ದೇಶದಲ್ಲಿ ಔಷಧ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಅಲ್ಲಿಯ ರೋಗಿಗಳು ಸರಾಸರಿಯಲ್ಲಿ ಕಾಯಿಲೆ ತೊಡಗಿದ ನಾಲ್ಕು ವರ್ಷಕ್ಕೂ ಮೇಲೆ ಲೆವೊಡೋಪಾ ಆರಂಭಿಸಿದ್ದರು. ಇಟಲಿಯವರು ಎರಡೂವರೆ ವರ್ಷದೊಳಗೇ ಆರಂಭಿಸಿದ್ದರು. ಬೇಡದ ಚಲನೆ ಯಾರಿಗೆ ತಡವಾಗಿ ಬಂತು? ಕಾಯಿಲೆ ತೊಡಗಿದ ದಿನದಿಂದ ಎಣಿಸಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂತು. ಎಷ್ಟು ವರ್ಷ ಮದ್ದು ಸೇವಿಸಿದರೆಂಬುದಕ್ಕಿಂತ, ಕಾಯಿಲೆ ಎಷ್ಟು ವರ್ಷದ್ದು, ದಿನಕ್ಕೆ ಎಷ್ಟು ಪ್ರಮಾಣ ಎಂಬುದೇ ಮುಖ್ಯವೆಂದು ಕಂಡುಬಂತು. ಅಂದರೆ ಘಾನಾದ ರೋಗಿಗಳು ಕಾದುದರಿಂದ ಉಳಿಸಿಕೊಂಡುದು ಏನೂ ಇಲ್ಲ. ಚೆನ್ನಾಗಿ ಓಡಾಡಬಹುದಾಗಿದ್ದ ವರ್ಷಗಳನ್ನು ಕಳೆದುಕೊಂಡರು, ಅಷ್ಟೆ.

ಆದುದರಿಂದ ಭಯ ಮದ್ದಿನ ಬಗ್ಗೆ ಬೇಡ, ಪ್ರಮಾಣದ ಬಗ್ಗೆ ಎಚ್ಚರ ಬೇಕು. ಈ ಐವತ್ತು ಅರುವತ್ತು ವರ್ಷಗಳ ಸಂಶೋಧನೆಯೆಲ್ಲ ಹರಿದಿರುವುದು ಆ ಕಡೆಗೇ. ೧೯೭೦ರ ದಶಕದಲ್ಲಿ ಲೆವೊಡೋಪಾದ ಜೊತೆಗೆ ಕಾರ್ಬಿಡೋಪಾದಂಥ ವಸ್ತುವನ್ನು ಕೂಡಿಸಿದರು. ಮದ್ದು ಹೊಟ್ಟೆ ರಕ್ತಗಳಲ್ಲಿ ವ್ಯರ್ಥವಾಗುವುದನ್ನು ಇದು ತಡೆಯುತ್ತದೆ. ಹಿಂದಿನ ಪ್ರಮಾಣದ ನಾಲ್ಕನೆಯ ಒಂದು ಪಾಲು ಸಾಕಾಯಿತು, ವಾಂತಿಯೂ ತಗ್ಗಿತು. ಫ್ಲೂ ಜ್ವರಕ್ಕೆಂದು ಅಮಾಂಟಡೀನ್ ನುಂಗಿದ ಒಬ್ಬ ಹೆಂಗಸು ತನ್ನ ನಡುಕವೂ ಬಿಗಿತವೂ ಇಳಿದುವೆಂದು ವೈದ್ಯರಿಗೆ ತಿಳಿಸಿದಳು. ಅದರಿಂದ ೧೯೬೯ರಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಯ ಮದ್ದೆನಿಸಿತು. ಮುಂದೆ ಡಿಸ್ಕೈನೀಸಿಯಾವನ್ನೂ ಅದು ತಗ್ಗಿಸುತ್ತದೆಂದು ತಿಳಿದು, ೨೦೧೭ರಲ್ಲಿ ಅಮೆರಿಕ ಆ ಉದ್ದೇಶಕ್ಕೇ ಅದರ ಒಂದು ರೂಪಕ್ಕೆ ಒಪ್ಪಿಗೆ ನೀಡಿತು. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಬಿದ್ ಎಂಬ ಶಸ್ತ್ರವೈದ್ಯರು ೧೯೮೭ರಿಂದ ಮಿದುಳಿನ ಆಳಕ್ಕೆ ನವಿರಾದ ತಂತಿಯನ್ನಿಳಿಸಿ ಸಣ್ಣ ವಿದ್ಯುತ್ತಿನಿಂದ ನಡುಕವನ್ನು ನಿಲ್ಲಿಸುವ ಚಿಕಿತ್ಸೆಯನ್ನು ಬೆಳೆಸಿದರು. ತಂತಿ ಸರಿಯಾದ ಗಂಟಿನಲ್ಲಿ ಕುಳಿತರೆ ಮಾತ್ರೆಯ ಪ್ರಮಾಣವನ್ನು ಇಳಿಸಬಹುದು. ಅದರೊಡನೆ ಬೇಡದ ಕುಣಿತವೂ ಇಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಸಣ್ಣ ಪಂಪಿನಿಂದ ಮದ್ದನ್ನು ದಿನವಿಡೀ ತೊಟ್ಟುತೊಟ್ಟಾಗಿ ಕೊಡುವ ಏರ್ಪಾಡೂ ಬಂದಿದೆ. ಇವೆಲ್ಲದರ ಗುರಿ ಒಂದೇ: ಒಡೆದ ತೊಟ್ಟಿಗೆ ನೀರು ಸಮನಾಗಿ ಬರುವಂತೆ ಮಾಡುವುದು.

ಇನ್ನೊಂದು ಬಗೆಯ ಡಿಸ್ಕೈನೀಸಿಯಾವನ್ನೂ ಹೇಳಬೇಕು. ೧೯೫೨ರಿಂದ ಮನೋರೋಗಿಗಳಿಗೆ ಕೊಡತೊಡಗಿದ ಕ್ಲೋರ್‌ಪ್ರೊಮಜೀನ್ ಮುಂತಾದ ಔಷಧಗಳು ಡೋಪಮೀನಿನ ಕೆಲಸವನ್ನು ತಡೆಯುತ್ತವೆ. ಅವುಗಳನ್ನು ಬಹುಕಾಲ ಸೇವಿಸಿದ ಕೆಲವರಲ್ಲಿ ತಡವಾಗಿ ಬಾಯಿ ನಾಲಿಗೆಗಳ ಬಿಡುವಿಲ್ಲದ ಆಟ ತೊಡಗುತ್ತದೆ. ಹೊರಗಿನವರು ಅದನ್ನೂ ಹುಚ್ಚಿನ ಚೇಷ್ಟೆಯೆಂದೇ ತಿಳಿಯುತ್ತಾರೆ. ಅದು ಮದ್ದಿನಿಂದ ಬಂದ ತೊಂದರೆ. ಇದಕ್ಕೆ ಪರಿಹಾರ ದೊರೆತ ಬಗೆ ಸ್ವಾರಸ್ಯವಾಗಿದೆ. ಸರ್ಪಗಂಧದ ರಿಸರ್ಪಿನ್ನಿನಂತೆ ಕೆಲಸ ಮಾಡುವ ವಸ್ತುವನ್ನು ಹುಡುಕುತ್ತ ೧೯೫೦ರ ದಶಕದಲ್ಲಿ ಟೆಟ್ರಾಬೆನಜೀನ್ ತಯಾರಾಯಿತು. ಕೋಶಗಳಲ್ಲಿ ಡೋಪಮೀನ್ ಕೂಡಿಡುವುದನ್ನು ತಗ್ಗಿಸಿ ಅದು ಉಕ್ಕಿದ ಚಲನೆಯನ್ನು ಇಳಿಸುತ್ತದೆ. ಅದರ ಸಂತತಿಯ ಎರಡು ಮದ್ದುಗಳಿಗೆ ತಡವಾಗಿ ಬರುವ ಈ ಡಿಸ್ಕೈನೀಸಿಯಾಕ್ಕೆಂದೇ ಅಮೆರಿಕದಲ್ಲಿ ೨೦೧೭ರಲ್ಲಿ ಒಪ್ಪಿಗೆ ಸಿಕ್ಕಿತು. ಚಲನೆ ಬತ್ತುವುದೇಕೆಂದು ತೋರಿಸಿಕೊಟ್ಟ ಬೇರಿನ ದಾರಿಯೇ ಉಕ್ಕಿದ ಚಲನೆಗೂ ಮದ್ದನ್ನು ತೋರಿಸಿತು.

ಪಾರ್ಕಿನ್ಸನ್ ಕಾಯಿಲೆಯನ್ನು ಬುಡಸಹಿತ ಕಿತ್ತುಹಾಕುವ ಔಷಧ ಇನ್ನೂ ದೊರೆತಿಲ್ಲ. ಕರಿಯ ಕೋಶಗಳು ಸಾಯುವುದನ್ನು ತಡೆಯುವ ಬಗೆಯನ್ನು ಲೋಕದ ಪ್ರಯೋಗಶಾಲೆಗಳು ಹುಡುಕುತ್ತಿವೆ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದುದು ಕಡಮೆಯೇನಲ್ಲ. ಕೈ ನಡುಗಿದರೆ, ಹೆಜ್ಜೆ ಚಿಕ್ಕದಾದರೆ, ಬರೆಹದ ಅಕ್ಷರ ಸಣ್ಣಗಾಗುತ್ತ ಬಂದರೆ ಮುಪ್ಪೆಂದು ತಳ್ಳಿಹಾಕದೆ ನರರೋಗ ಬಲ್ಲ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಹೇಳಿದ ಹೊತ್ತಿಗೇ ಕೊಡಿ. ಬೇಳೆ, ಹಾಲು, ಮೊಟ್ಟೆಗಳ ಭಾರಿ ಊಟದೊಡನೆ ನುಂಗಿದರೆ ಅದರ ಗುಣ ಕುಗ್ಗಬಹುದಾದುದರಿಂದ ಊಟಕ್ಕೆ ಎಷ್ಟು ಮುಂಚೆ ಕೊಡಬೇಕೆಂದು ಕೇಳಿ ತಿಳಿಯಿರಿ. ಬೇಡದ ಚಲನೆ ಕಂಡರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸುವುದು ಅಪಾಯ. ಯಾವ ಹೊತ್ತಿನಲ್ಲಿ ಮೈ ಕಟ್ಟಿತು, ಯಾವ ಹೊತ್ತಿನಲ್ಲಿ ಕುಣಿಯಿತು ಎಂದು ಒಂದು ವಾರ ಚೀಟಿಯಲ್ಲಿ ಬರೆದಿಟ್ಟು ವೈದ್ಯರ ಮುಂದಿಡಿ. ದಿನಕ್ಕೆ ಮೂರು ಸಲದ ಮಾತ್ರೆಯನ್ನು ಸಣ್ಣ ಪಾಲುಗಳಾಗಿ ಐದು ಸಲಕ್ಕೆ ಹಂಚುವುದರಿಂದಲೇ ಎಷ್ಟೋ ವೇಳೆ ಸಮಾಧಾನ ಸಿಕ್ಕಬಹುದು. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ನಿರ್ಧರಿಸಲು ಅವರಿಗೆ ಬೇಕಾದುದು ನಿಮ್ಮ ಚೀಟಿ.

ಕಾಟ್ಜಿಯಾಸ್ ಹಗಲು ರಾತ್ರಿ ರೋಗಿಗಳ ಬಳಿ ನಿಂತು ಸ್ವಲ್ಪ ಸ್ವಲ್ಪವಾಗಿ ಅಳತೆ ಹಿಡಿದ ಕೆಲಸದ ಮುಂದುವರಿಕೆಯೇ ಅದು. ಒಬ್ಬ ಬಡಾವಣೆಯ ವೈದ್ಯರು ಬೀದಿಯ ಅಪರಿಚಿತರನ್ನು ಗಮನವಿಟ್ಟು ನೋಡಿದುದರಿಂದ ಇಷ್ಟೆಲ್ಲ ತೊಡಗಿತು. ನಿಮ್ಮ ಮನೆಯ ಹಿರಿಯರನ್ನು ನಿಮಗಿಂತ ಹತ್ತಿರದಿಂದ ನೋಡುವವರು ಬೇರೆ ಯಾರೂ ಇಲ್ಲ.